ಗಂಗಮ್ಮ ಆಗುತ್ತೆ ಅಂದಳು, ಒರಿಜಿನಲ್ ಕೊಡ್ಲಾ ಅಣ್ಣಾ?

ಹಾಲುರಾಮೇಶ್ವರಕ್ಕೆ ಬರುವ ಜನರಲ್ಲಿ ಎರಡು ಥರ. ಹರಕೆ ತೀರಿಸಲು ಬರುವವರು ಒಂದು, ಕೇಳಲು ಬರುವವರು ಇನ್ನೊಂದು. ಕೊಳದ ಮುಂದೆ ಕೂತು ಮನಸ್ಸಿನಲ್ಲಿರುವುದನ್ನು ಗಂಗಮ್ಮನಿಗೆ ಹೇಳಿಕೊಂಡರೆ ನೀರಿನೊಳಗಿಂದ ಪ್ರಸಾದ ತೇಲಿ ಬರುತ್ತದೆ ಎಂಬುದು ನಂಬಿಕೆ. ಬಂದದ್ದು ಹಣ್ಣೋ ಕಾಯೋ ಎಲೆಯಡಿಕೆಯೋ ನೋಡಿ, ಅಂದುಕೊಂಡದ್ದು ಆಗುತ್ತೋ ಇಲ್ಲವೋ ಎಂದು ತಿಳಿದುಕೊಂಡು ಎದ್ದು ಹೋಗುತ್ತಾರೆ. ನಾನು ಚಿಕ್ಕವನಿದ್ದಾಗ ಜನ ಕೇಳುತ್ತಿದ್ದದ್ದು ಮದುವೆ, ಮಕ್ಕಳು, ಬೋರ್‌ವೆಲ್ಲಿನ ನೀರು. ಈಗ ಹುಡುಗರು ಹೆಚ್ಚಾಗಿ ಕೇಳುವುದು ಕೆಲಸ.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಅಲ್ಲಿಗೆ ಹೋಗಿದ್ದ. ಐಟಿಐ ಫಿಟ್ಟರ್ ಮುಗಿಸಿ ಎಂಟು ತಿಂಗಳಾಗಿದೆ. ಕೊಳದ ಹತ್ತಿರದಿಂದಲೇ ಫೋನ್ ಮಾಡಿದ.

"ಅಣ್ಣಾ, ಗಂಗಮ್ಮ ಹಣ್ಣು ಕೊಟ್ಟಳು, ಆಗುತ್ತೆ ಅಂತ. ಆದ್ರೆ ಇಂಟರ್‌ವ್ಯೂ ದಿನಾನೇ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಟ್ಟುಬಿಡ್ಬೇಕಂತೆ. ಡ್ರೆಸ್ಸಿಗೆ, ಟ್ರೇನಿಂಗಿಗೆ ಅಂತ ಎರಡೂವರೆ ಸಾವಿರ ಬೇರೆ. ಕೊಡ್ಲಾ?"

"ಸಂಬಳ ಎಷ್ಟಂತೆ?"

"ಹದಿನೆಂಟು ಅಂದವ್ರೆ."

"ಯಾರು ಅಂದವ್ರೆ? ಬರ್ದು ಕೊಟ್ಟವ್ರಾ?"

"ಏಜೆನ್ಸಿಯಣ್ಣ ಅಂದ. ಬರ್ದು ಕೊಡೋದು ಜಾಯಿನ್ ಆದ್ಮೇಲಂತೆ."

ಕೊಡಬೇಡ ಅಂದೆ. ಯಾಕೆ ಅಂದ. ಫೋನಿನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವನು ಹೇಳಿದ್ದರಲ್ಲಿ ನಾಲ್ಕು ಸಂಗತಿ ಇದ್ದವು. ನಡುವೆ ಒಬ್ಬ ಏಜೆಂಟ, ಬಾಯಿಮಾತಿನ ಸಂಬಳ, ಕೆಲಸಕ್ಕೆ ಮುಂಚೆ ಕೈ ಬದಲಾಗುವ ದುಡ್ಡು, ಒತ್ತೆ ಇಡುವ ಕಾಗದ. ನಾಲ್ಕರಲ್ಲಿ ಒಂದೂ ಹೊಸದಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಇವನ್ನೆಲ್ಲ ಬೇರೆ ಹೆಸರಿನಲ್ಲಿ ನೋಡಿದ್ದಾರೆ.

ನಮ್ಮ ಅಜ್ಜನಿಂದಲೇ ಶುರು ಮಾಡುತ್ತೇನೆ. ಅವನು ಹತ್ತು ವರ್ಷದವನಿದ್ದಾಗ ಪಕ್ಕದೂರಲ್ಲಿ ಸಂಬಳಕ್ಕಿದ್ದ. ನಮ್ಮ ಕಡೆಯ ಹಿರಿಯರಿಗೆ ಈ ಮಾತು ಗೊತ್ತು. ಸಂಬಳಕ್ಕಿರುವುದು ಅಂದರೆ ತಿಂಗಳ ಕೊನೆಗೆ ಪಗಾರ ಎಣಿಸುವುದಲ್ಲ, ಒಬ್ಬರ ಮನೆಯಲ್ಲಿ ವರ್ಷಗಟ್ಟಲೆ ಆಳಾಗಿರುವುದು. ಅಕ್ಕನ ಮದುವೆಗೆ ಮುತ್ತಜ್ಜ ಸಾಲ ತಂದಿದ್ದ. ಸಾಲ ಕೊಟ್ಟವರು ಅಂಗಳದಲ್ಲಿ ನಿಲ್ಲಿಸಿ ಹುಡುಗನನ್ನು ನೋಡಿದರು, ಕೈ ಹಿಡಿದು ನೋಡಿದರು, ದನ ಕಟ್ಟೋಕೆ ಬರುತ್ತಾ ಅಂದರು. ಇಂಟರ್‌ವ್ಯೂ ಅಷ್ಟೇ. ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಎಂದು ಮಾತಾಯಿತು. ಸಾಲದ ಲೆಕ್ಕ ಬರೆದ ಪುಸ್ತಕ ಅವರ ಮನೆಯಲ್ಲಿತ್ತು, ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಮೂರು ವರ್ಷ ಅಂದದ್ದು ಒಂಬತ್ತು ವರ್ಷವಾಯಿತು. "ಆ ಪುಸ್ತಕದಾಗೆ ಏನೈತೆ ಅಂತ ನಮ್ಮಪ್ಪ ಒಂದಿನಾನೂ ಕೇಳ್ಲಿಲ್ಲ" ಎಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದ. ಒಂಬತ್ತು ವರ್ಷ ಚಾಕರಿ ಮಾಡಿಸಿಕೊಂಡವರ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಅವನಿಗೆ ಕೇಳದೆ ಬಂದ ಅಪ್ಪನ ಮೇಲಿತ್ತು.

ಇದು ಊರೊಳಗಿನ ಕತೆ. ಊರು ಬಿಟ್ಟು ಹೋಗುವವರ ಕತೆ ಕಾಫಿ ಸೀಮೆಯಿಂದ ಶುರುವಾಗುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಕಡೆ ಯುರೋಪಿನ ದೊರೆಗಳು ಕಾಡು ಕಡಿಸಿ ತೋಟ ಎಬ್ಬಿಸಿದರು. ತೋಟಕ್ಕೆ ಬೇಕಾದಷ್ಟು ಆಳು ಅಲ್ಲಿ ಇರಲಿಲ್ಲ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಕರೆಸಬೇಕಿತ್ತು. ದೊರೆ ತಾನೇ ಹಳ್ಳಿ ಹಳ್ಳಿ ಸುತ್ತುವುದುಂಟೇ? ಅದಕ್ಕೆ ಮೇಸ್ತ್ರಿ ಬಂದ. ದೊರೆ ಮೇಸ್ತ್ರಿಯ ಕೈಗೆ ದುಡ್ಡು ಕೊಡುತ್ತಿದ್ದ, ಮೇಸ್ತ್ರಿ ಹಳ್ಳಿಗೆ ಬಂದು ಸಂಸಾರಗಳಿಗೆ ಮುಂಗಡ ಕೊಡುತ್ತಿದ್ದ. ಮಳೆ ಹೋಗಿ ಮನೆಯಲ್ಲಿ ಕಾಳಿಲ್ಲದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ತಾನು ಕರೆದುಕೊಂಡು ಹೋದ ಆಳುಗಳ ಕೆಲಸದ ಮೇಲೆ ಅವನಿಗೆ ಕಮಿಷನ್. ಹಾಗಾಗಿ ಹಳ್ಳಿಯಲ್ಲಿ ಅವನು ಆಡುವ ಮಾತು ಒಂದು, ತೋಟದ ಲೈನಿನಲ್ಲಿ ಸಿಗುವುದು ಇನ್ನೊಂದು. ಅಲ್ಲಿ ಹೋಗಿ ನೋಡಿ ಸರಿಯಿಲ್ಲ ಅಂತ ವಾಪಸ್ ಬರೋಣವೆಂದರೆ ಮುಂಗಡ ಆಗಲೇ ಖರ್ಚಾಗಿರುತ್ತಿತ್ತು.

ಆ ಮುಂಗಡಕ್ಕೆ ಕಾನೂನಿನ ಬೆಂಬಲವೂ ಇತ್ತು. ಬ್ರಿಟಿಷ್ ಸರ್ಕಾರ 1859ರಲ್ಲಿ 13ನೇ ಕಾಯಿದೆ ತಂದಿತು, ಕೆಲಸಗಾರರ ಕರಾರು ಭಂಗದ ಕಾಯಿದೆ. ಮುಂಗಡ ತೆಗೆದುಕೊಂಡವನು ಕೆಲಸಕ್ಕೆ ಬಾರದಿದ್ದರೆ ಅಥವಾ ನಡುವೆ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಹಿಡಿಸಿ ತಂದು, ದುಡ್ಡು ಕಟ್ಟು ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ ಮಾಡಬಹುದಿತ್ತು. ಎರಡೂ ಮಾಡದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಪಟ್ಟಣದ ವ್ಯಾಪಾರಿಗಳು ತಮ್ಮ ಕೆಲಸಗಾರರ ಮೇಲೆ ದೂರಿದ್ದರಿಂದ ಹುಟ್ಟಿದ ಈ ಕಾಯಿದೆ ಮೈಸೂರು, ಕೊಡಗಿನಿಂದ ಅಸ್ಸಾಮಿನವರೆಗೆ ತೋಟದ ದೊರೆಗಳ ಕೈಗೆ ಬಂತು. ಇದರಲ್ಲಿ ಒಂದು ವಿಚಿತ್ರ ನೋಡಿ. ಕೆಲಸ ಮಾಡದ ಆಳಿಗೆ ಜೈಲು ಇತ್ತು, ಹೇಳಿದ ಕೂಲಿ ಕೊಡದ ದೊರೆಗೆ ಅದೇ ಕಾಯಿದೆಯಲ್ಲಿ ಜೈಲು ಇರಲಿಲ್ಲ. ಅರವತ್ತಾರು ವರ್ಷ ಇದ್ದು, 1925ರಲ್ಲಿ ರದ್ದು ಮಾಡಲು ಒಪ್ಪಿ, 1926ರ ಏಪ್ರಿಲ್ 1ರಿಂದ ಅದನ್ನು ತೆಗೆದುಹಾಕಿದರು.

ಕಾಯಿದೆ ಹೋದರೂ ಮುಂಗಡ ಹೋಗಲಿಲ್ಲ. ಶಿವರಾಮ ಕಾರಂತರ ಚೋಮನ ದುಡಿ ಬಂದದ್ದು 1933ರಲ್ಲಿ. ಓದದವರು ಬಿ.ವಿ. ಕಾರಂತರ ಸಿನಿಮಾ ನೋಡಿರಬಹುದು. ಚೋಮನ ಮನೆ ಮುರಿದದ್ದು ಕಾಫಿ ತೋಟದ ಸಾಲದಿಂದ. ಆ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ, ಲೆಕ್ಕ ಮಾತ್ರ ತೋಟದವರ ಪುಸ್ತಕದಲ್ಲೇ ಇರುತ್ತದೆ. ನಮ್ಮ ಅಜ್ಜನಿಗೆ ಆ ಸಿನಿಮಾ ತೋರಿಸಿದಾಗ ಅರ್ಧಕ್ಕೆ ಎದ್ದು ಹೋದ.

ಇದೇ ಕಾಲದಲ್ಲಿ ದೇಶದ ಬೇರೆ ಕಡೆಯಿಂದ ಇನ್ನೂ ದೂರಕ್ಕೆ ಜನ ಹೋಗುತ್ತಿದ್ದರು. ಮಾರಿಷಸ್, ಗಯಾನಾ, ಟ್ರಿನಿಡಾಡ್, ಫಿಜಿಯ ಕಬ್ಬಿನ ಗದ್ದೆಗಳಿಗೆ ಐದು ವರ್ಷದ ಕರಾರಿನ ಮೇಲೆ. ಅವರನ್ನು ಹಿಡಿದು ತರುವವನಿಗೆ ಉತ್ತರ ಭಾರತದಲ್ಲಿ ಅರ್ಕಾಟಿ ಎಂದು ಹೆಸರು. ಅಲ್ಲಿ ಕಾನೂನಿನ ಪ್ರಕಾರ ಸಂದರ್ಶನವೂ ಇತ್ತು! ಹಡಗು ಹತ್ತುವ ಮುಂಚೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ನೀನು ಒಪ್ಪಿ ಹೋಗುತ್ತಿದ್ದೀಯಾ ಎಂದು ಕೇಳಬೇಕು. 1893ರಲ್ಲಿ ಹೀಗೆ ಫಿಜಿಗೆ ಹೋಗಿ ಇಪ್ಪತ್ತೊಂದು ವರ್ಷ ಆದ ಮೇಲೆ ವಾಪಸ್ ಬಂದ ತೋತಾರಾಮ್ ಸನಾಢ್ಯ ಎಂಬವರು ಅದನ್ನು ಹಿಂದಿಯಲ್ಲಿ ಬರೆದಿಟ್ಟಿದ್ದಾರೆ. ಸಾಹೇಬರು ಏನು ಕೇಳಿದರೂ ಹೂಂ ಅನ್ನು, ಇಲ್ಲ ಅಂದರೆ ಜೈಲಿಗೆ ಹಾಕುತ್ತಾರೆ ಎಂದು ಅರ್ಕಾಟಿ ಮೊದಲೇ ಹೇಳಿಕೊಟ್ಟಿದ್ದ. ಸಾಹೇಬರು ಕೇಳಿದರು, ಸಾಲಾಗಿ ನಿಂತವರೆಲ್ಲ ಹೂಂ ಅಂದರು. ಫಿಜಿ ಎಲ್ಲಿದೆ, ಅಲ್ಲಿ ಏನು ಕೆಲಸ ಎಂದು ಸಾಹೇಬರು ಹೇಳಲಿಲ್ಲ, ಇವರು ಕೇಳಲಿಲ್ಲ.

ಉತ್ತರ ಹೇಳಿಕೊಟ್ಟು ಕಳಿಸುವುದು ಇವತ್ತಿಗೂ ಇದೆ. "ಎಕ್ಸ್‌ಪೀರಿಯನ್ಸ್ ಇದೆ ಅನ್ನು, ಓಟಿ ಒಪ್ಪಿಗೆ ಅನ್ನು, ಹಾಸ್ಟೆಲ್ ಬಗ್ಗೆ ಏನೂ ಕೇಳಬೇಡ" ಎಂದು ಬಸ್ಸಿನಲ್ಲೇ ಪಾಠ ಮಾಡುವ ಏಜೆಂಟರನ್ನು ನಾನೇ ನೋಡಿದ್ದೇನೆ. ನಿಮ್ಮ ಬಾಯಿಂದ ಪ್ರಶ್ನೆ ಬರಬಾರದೆಂದು ಅಷ್ಟು ಎಚ್ಚರ ವಹಿಸುವವನಿಗೆ ಉತ್ತರ ಏನೆಂದು ಗೊತ್ತಿರುತ್ತದೆ.

ಈಗ ಕೋಲಾರಕ್ಕೆ ಬರೋಣ. ನಮ್ಮ ಹೊಸದುರ್ಗದಿಂದ ದೂರ ನಿಜ, ಆದರೆ ನಮ್ಮ ಹುಡುಗರು ಹತ್ತುವ ರಾತ್ರಿ ಬಸ್ಸಿನ ಕೊನೆಯ ಸ್ಟಾಪು ಈಗ ಅಲ್ಲೇ ಇದೆ. ಆ ಒಂದೇ ಜಿಲ್ಲೆಯಲ್ಲಿ ತೊಂಬತ್ತು ವರ್ಷದ ಅಂತರದಲ್ಲಿ ಎರಡು ಘಟನೆ ನಡೆದವು.

ಮೊದಲನೆಯದು ಚಿನ್ನದ ಗಣಿಯದ್ದು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್ ಗಣಿಗಳನ್ನು ನಡೆಸುತ್ತಿತ್ತು. ಭೂಮಿಯ ಆಳಕ್ಕೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಕಡೆಯಿಂದ ಬಂದ ಬಡ ದಲಿತ ಕುಟುಂಬದವರು, ಎಷ್ಟೋ ಜನ ಕಂಟ್ರಾಕ್ಟರುಗಳ ಮೂಲಕ ಬಂದವರು. 1930ರಲ್ಲಿ ಕಂಪನಿ, ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಎಂದಿತು. ಒಂದು ಗಣಿಯಿಂದ ತೆಗೆದುಹಾಕಿದವನು ಇನ್ನೊಂದು ಗಣಿಗೆ ಬೇರೆ ಹೆಸರಿನಲ್ಲಿ ಸೇರಬಾರದು, ಚಿನ್ನ ಕದ್ದವನು ಸಿಕ್ಕಬೇಕು ಎಂಬುದು ಕಂಪನಿಯ ಲೆಕ್ಕ. ಕೆಲಸಗಾರರ ಲೆಕ್ಕ ಬೇರೆ ಇತ್ತು. ಆ ಕಾಲಕ್ಕೆ ಬೆರಳಚ್ಚು ಅಂದರೆ ಪೊಲೀಸು, ಜೈಲು. ಒಮ್ಮೆ ಹೆಬ್ಬೆಟ್ಟು ಕೊಟ್ಟರೆ ಒಬ್ಬ ಮೇಲಿನವನ ಜತೆ ಜಗಳವಾದರೂ ಸಾಕು, ಇಡೀ ಊರಿನ ಗಣಿಗಳ ಬಾಗಿಲು ಮುಚ್ಚಿಹೋಗುತ್ತದೆ. ಸಾವಿರಾರು ಜನ ಕೆಲಸ ನಿಲ್ಲಿಸಿದರು, ಸುಮಾರು ಮೂರು ವಾರ ಗಣಿ ನಿಂತಿತು. ಯೂನಿಯನ್ ಎಂಬುದೇ ಸರಿಯಾಗಿ ಇಲ್ಲದ ದಿನಗಳಲ್ಲಿ!

ಆ ಮುಷ್ಕರದ ಪೂರ್ತಿ ಕತೆಯೇ ಬೇರೆ ಒಂದು ಲೇಖನ. ನನಗೆ ಇಲ್ಲಿ ಬೇಕಾದದ್ದು ಅವರು ಕೇಳಿಕೊಂಡ ಪ್ರಶ್ನೆ. ಇದನ್ನು ಕೊಟ್ಟ ಮೇಲೆ ನಾನು ಬಿಟ್ಟು ಹೋಗಬಲ್ಲೆನಾ? ಓದು ಬರಹ ಬಾರದ ಗಣಿಯ ಜನ 1930ರಲ್ಲಿ ಕೇಳಿದ್ದನ್ನು ಡಿಪ್ಲೊಮಾ ಮಾಡಿದ ನಾನು 2013ರಲ್ಲಿ ಕೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಡುವೆ ದೇಶ ಸ್ವತಂತ್ರವಾಯಿತು, ಕಾನೂನು ಬಂದವು. ಮುಖ್ಯವಾದದ್ದು ಜೀತ ಪದ್ಧತಿ ರದ್ದು. 1975ರ ಅಕ್ಟೋಬರ್ 25ರಿಂದ ಜಾರಿ ಎಂದು 1976ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಮುಂಗಡ ಕೊಟ್ಟು ಆಳನ್ನು ಹಿಡಿದಿಟ್ಟುಕೊಂಡರೆ ಆ ಸಾಲ ಇಲ್ಲವಾಗುತ್ತದೆ, ಹಿಡಿದಿಟ್ಟವನಿಗೆ ಮೂರು ವರ್ಷದವರೆಗೆ ಸಜೆ. 1859ರ ಕಾಯಿದೆಯನ್ನು ತಲೆಕೆಳಗು ಮಾಡಿದ ಹಾಗಾಯಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಹೊಟ್ಟೆಯ ಹಸಿವೂ ಒಂದು ಬಲವಂತ ಎಂಬುದು ಆ ತೀರ್ಪಿನ ತಿರುಳು. ಕಾನೂನು ಹೀಗೆ ನಮ್ಮ ಕಡೆ ತಿರುಗಿತು. ಆದರೆ ಕೆಲಸ ಕೊಡಿಸುವ ಬಾಗಿಲಿನಲ್ಲಿ ನಿಂತ ಮನುಷ್ಯ ಅದೇ ಮನುಷ್ಯ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಎಂಬ ಹೆಸರಿನ ಯೋಜನೆ ಇತ್ತು. ಹೆಣ್ಣುಮಕ್ಕಳು ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿದರೆ ಕೊನೆಗೆ ಮದುವೆಗೆಂದು ಒಂದು ಗಂಟು ದುಡ್ಡು. ಮೂರು ವರ್ಷ ತುಂಬುವ ಮುಂಚೆ ಕಾಯಿಲೆ ಬಿದ್ದು ಊರಿಗೆ ಬಂದವಳ ಗಂಟು ಎಲ್ಲಿ ಹೋಗುತ್ತದೆ ಎಂದು ಸೇರುವ ದಿನ ಯಾರೂ ಹೇಳುತ್ತಿರಲಿಲ್ಲ.

ಇನ್ನು ಎರಡನೆಯ ಘಟನೆ. ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶ, 2020. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಮನೆಯ ಹುಡುಗರು ಹೋಗುತ್ತಿರುವುದು ಇಂಥದ್ದೇ ಜಾಗಗಳಿಗೆ.

ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ ಆಪಲ್ ಐಫೋನ್ ಜೋಡಿಸುವ ಫ್ಯಾಕ್ಟರಿ ತೆರೆಯಿತು. ಕೊರೊನಾ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದ ಹುಡುಗರಿಗೆ ಐಫೋನ್ ಫ್ಯಾಕ್ಟರಿ ಎಂಬ ಹೆಸರೇ ಸಾಕಾಗಿತ್ತು. ಡಿಪ್ಲೊಮಾ, ಐಟಿಐ, ಡಿಗ್ರಿ ಆದವರೆಲ್ಲ ಹೋದರು. ಡಿಸೆಂಬರ್ 12ರ ಶನಿವಾರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಸಾವಿರಾರು ಕೆಲಸಗಾರರು ಫ್ಯಾಕ್ಟರಿಯೊಳಗೆ ಗಾಜು ಒಡೆದರು, ವಾಹನ ಉರುಳಿಸಿದರು. ಟೀವಿಗಳು ಎರಡು ದಿನ ಗಾಜು ಒಡೆಯುವುದನ್ನೇ ತೋರಿಸಿದವು. ನೂರಕ್ಕೂ ಹೆಚ್ಚು ಹುಡುಗರು ಜೈಲಿಗೆ ಹೋದರು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕೇಸು ಬಿದ್ದ ಮೇಲೆ ಸರ್ಕಾರಿ ನೌಕರಿಗೆ ಅರ್ಜಿ ಹಾಕಲೂ ಹೆದರುವ ಸ್ಥಿತಿ ಎಷ್ಟೋ ಮನೆಗೆ ಬಂತು.

ಆದರೆ ಅಷ್ಟು ದೂರ ಹೋಗುವ ಮುಂಚೆ ಏನಾಗಿತ್ತು? ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಆಮೇಲೆ ಹೋಗಿ ನೋಡಿದಾಗ ಕಂಡದ್ದು ಇದು. ಐದು ಸಾವಿರ ಇದ್ದ ಜನ ಸ್ವಲ್ಪ ಕಾಲದಲ್ಲೇ ಹತ್ತೂವರೆ ಸಾವಿರವಾಗಿದ್ದರು. ಅಷ್ಟು ಜನರ ಹಾಜರಿ, ಸಂಬಳ ನೋಡಿಕೊಳ್ಳುವಷ್ಟು ಎಚ್ಆರ್ ವಿಭಾಗವೇ ಇರಲಿಲ್ಲ. ಹಾಜರಿ ಯಂತ್ರ ಅಕ್ಟೋಬರಿನಿಂದ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಎಂಟು ಗಂಟೆಯ ಮೂರು ಪಾಳಿ ಹನ್ನೆರಡು ಗಂಟೆಯ ಎರಡು ಪಾಳಿಯಾಗಿತ್ತು, ಓಟಿ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಕಾಯಂ ನೌಕರರು ಸುಮಾರು 1,300. ಉಳಿದ ಎಂಟು ಸಾವಿರಕ್ಕೂ ಹೆಚ್ಚು ಜನ ಆರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಇಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21 ಸಾವಿರ ಎಂದು ಹೇಳಿ, ಮೊದಲು 16, ಆಮೇಲೆ 12 ಸಾವಿರ ಕೈಗೆ ಬಂತು ಎಂದು ಆ ವಾರ ಪತ್ರಿಕೆಗಳು ಬರೆದವು. ಡಿಸೆಂಬರ್ 19ರಂದು ಆಪಲ್ ಕಂಪನಿಯೇ ವಿಸ್ಟ್ರಾನನ್ನು ಪರೀಕ್ಷಾ ಅವಧಿಗೆ ಹಾಕಿ ಹೊಸ ಆರ್ಡರ್ ಕೊಡುವುದಿಲ್ಲ ಎಂದಿತು. ವಿಸ್ಟ್ರಾನ್ ತಪ್ಪಾಯಿತೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಆ ಫ್ಯಾಕ್ಟರಿಯನ್ನು ಟಾಟಾದವರು ಕೊಂಡರು.

ಇದರಲ್ಲಿ ಎಷ್ಟು ಸಂಗತಿ ಸೇರುವ ದಿನವೇ ಕಾಣುತ್ತಿತ್ತು ಎಂದು ಯೋಚಿಸಿ. ಬಂದವರಿಗೆಲ್ಲ ಹತ್ತು ನಿಮಿಷದಲ್ಲಿ ಕೆಲಸ ಕೊಡುವ ಕಡೆ ಜನ ನಿಲ್ಲುತ್ತಿಲ್ಲ, ಇಲ್ಲವೇ ಜನರನ್ನು ನೋಡಿಕೊಳ್ಳುವವರು ಇಲ್ಲ. ನನ್ನ ಧಣಿ ಯಾರು ಎಂಬುದಕ್ಕೆ ಗೇಟಿನಲ್ಲಿ ಒಂದು ಹೆಸರು, ಐಡಿ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕಿಗೆ ಸಂಬಳ ಹಾಕುವವರದ್ದು ಮತ್ತೊಂದು ಹೆಸರಿದ್ದರೆ ಸಂಬಳ ಬಾರದ ದಿನ ಯಾರ ಟೇಬಲ್ಲಿಗೆ ಹೋಗಬೇಕು? ಗುತ್ತಿಗೆದಾರ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲೇ ಇತ್ತು, ಈಗಿನ ಸಂಹಿತೆಯಲ್ಲೂ ಉಳಿದಿದೆ. ಆದರೆ ಅದನ್ನು ಕೇಳಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕ ಪತ್ರ ಕೊಡಲೇಬೇಕು. "ನಮ್ಮಲ್ಲಿ ಲೆಟರ್ ಎಲ್ಲ ಕೊಡಲ್ಲ" ಎನ್ನುವವನು ಕಾನೂನು ಮೀರುವುದಾಗಿ ನಿಮಗೆ ಮೊದಲ ದಿನವೇ ಹೇಳಿದ ಹಾಗೆ.

ಸಂಬಳದ ಮಾತಿಗೆ ಒಂದು ಸಣ್ಣ ಲೆಕ್ಕ ಹಾಕಿ ತೋರಿಸುತ್ತೇನೆ. ಏಜೆಂಟ ಹದಿನೆಂಟು ಅಂದ. ಅದು ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು ಇರಬಹುದು, ಸಿಟಿಸಿ ಅಂತಾರಲ್ಲ, ಅದು. ನಿಮ್ಮ ಸಂಬಳ 16,000, ಅದರಲ್ಲಿ ಮೂಲ ವೇತನ 12,000 ಅಂದುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ ನೂರಕ್ಕೆ 12ರಂತೆ 1,440, ಇಎಸ್‌ಐ ನೂರಕ್ಕೆ 3.25ರಂತೆ 520 ಸೇರಿಸಿ 17,960 ಮಾಡಿ ಹದಿನೆಂಟು ಅನ್ನುತ್ತದೆ. ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 120 ಮುರಿದು ಕೈಗೆ ಬರುವುದು 14,440. ರೂಮು, ಊಟ, ಬಸ್ಸು ಆಮೇಲೆ. ಇದು ಮೋಸವಲ್ಲ, ಪಿಎಫ್ ನಿಮ್ಮದೇ ದುಡ್ಡು. ಇದನ್ನು ಬಿಡಿಸಿ ಹೇಳದೆ ಹದಿನೆಂಟು ಕೈಗೆ ಬರುತ್ತೆ ಎನ್ನುವುದು ಮೋಸ. ಪಿಎಫ್ ಮುರಿದುಕೊಂಡು ಕಟ್ಟದೇ ಇರುವುದು ಅದಕ್ಕಿಂತ ದೊಡ್ಡ ಮೋಸ. ಅದಕ್ಕೇ "ಕೈಗೆ ಎಷ್ಟು ಬರುತ್ತೆ ಸಾರ್, ಎಷ್ಟು ಗಂಟೆಗೆ?" ಎಂಬ ಎರಡು ಮಾತನ್ನು ಒಟ್ಟಿಗೆ ಕೇಳಬೇಕು. ಹನ್ನೆರಡು ಗಂಟೆ ದುಡಿದರೆ ಬರುವ ಹದಿನೆಂಟಕ್ಕೂ ಎಂಟು ಗಂಟೆಯ ಹದಿನೆಂಟಕ್ಕೂ ಬಹಳ ದೂರ.

ಹೊರದೇಶದ ಕೆಲಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2024ರಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಹುಡುಗರು ರಷ್ಯಾದಲ್ಲಿ ಸೆಕ್ಯೂರಿಟಿ ಕೆಲಸ, ಸಹಾಯಕನ ಕೆಲಸ ಎಂಬ ಮಾತು ನಂಬಿ ಲಕ್ಷಗಟ್ಟಲೆ ದುಡ್ಡು ಕಟ್ಟಿ ಹೋಗಿ ಯುಕ್ರೇನ್ ಯುದ್ಧದ ಅಂಚಿಗೆ ಬಿದ್ದರು. ಯೂಟ್ಯೂಬಿನಲ್ಲಿ ವಿಡಿಯೊ ಮಾಡಿ ಹುಡುಗರನ್ನು ಸೆಳೆದವರ ಮೇಲೆ ಸಿಬಿಐ ಕೇಸು ದಾಖಲಿಸಿತು. ಅಲ್ಲಿ ಸಹಿ ಹಾಕಿಸಿಕೊಂಡ ಕರಾರು ರಷ್ಯನ್ ಭಾಷೆಯಲ್ಲಿತ್ತು. ನಮ್ಮ ಅಜ್ಜನ ಧಣಿಯ ಪುಸ್ತಕ ನೆನಪಾಯಿತು. ಕಲಬುರಗಿಯ ಹುಡುಗರು ಆ ವರ್ಷವೇ ಜೀವಂತ ವಾಪಸ್ ಬಂದರು, ದೇಶದ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1983ರ ವಲಸೆ ಕಾಯಿದೆಯಡಿ ನೋಂದಣಿ ಆದ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ಕೂಡ ಕೆಲಸಗಾರನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೆಲಸಕ್ಕೆ ಕಳಿಸುತ್ತೇನೆ ಎಂದು ಹೇಳಿ ಪ್ರವಾಸಿ ವೀಸಾ ಮಾಡಿಸುವವನ ಹತ್ತಿರ ಇನ್ನೊಂದು ಮಾತು ಆಡುವ ಅಗತ್ಯವೂ ಇಲ್ಲ.

ಈಗ ನನ್ನ 2013. ಡಿಪ್ಲೊಮಾ ಮುಗಿಸಿದ ವರ್ಷ ಒಂದು ಸುದ್ದಿ ಸಂಸ್ಥೆಗೆ ಇಂಟರ್‌ವ್ಯೂಗೆ ಹೋದೆ. ಹೆಸರು ಬೇಡ. ನಾನು ಬರೆದಿದ್ದ ಮೂರು ವರದಿಗಳನ್ನು ಜೆರಾಕ್ಸ್ ಮಾಡಿಸಿ ಒಯ್ದಿದ್ದೆ, ಅವರು ಒಂದನ್ನೂ ತಿರುವಿ ನೋಡಲಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಜಾಹೀರಾತು ಎಷ್ಟು ತರಬಲ್ಲೆ ಎಂದು ಕೇಳಿದರು. ಸಂಬಳ ಕೇಳಿದ್ದಕ್ಕೆ "ಮೊದಲು ಕೆಲಸ ತೋರಿಸಪ್ಪ, ಇದು ಫ್ಯಾಮಿಲಿ ಇದ್ದ ಹಾಗೆ" ಅಂದರು. ಒರಿಜಿನಲ್ ಕೊಟ್ಟು ಹೋಗು, ಫೈಲಿಗೆ ಅಂದರು. ಕೊಟ್ಟೆ.

ಬರುವಾಗ ಹೊರಗಿನ ಬೆಂಚಿನ ಮೇಲೆ ಒಬ್ಬರು ಪ್ಲಾಸ್ಟಿಕ್ ಕವರು ಹಿಡಿದು ಕೂತಿದ್ದರು. ನನ್ನ ಹಾಗೇ ಇಂಟರ್‌ವ್ಯೂಗೆ ಬಂದವರು ಅಂದುಕೊಂಡು ನಕ್ಕು ಮುಂದೆ ಹೋದೆ. ಅವರು ಹಿಂದಿನ ವರದಿಗಾರರು, ಬಾಕಿ ಸಂಬಳ ಕೇಳಲು ಬಂದಿದ್ದರು ಎಂದು ಗೊತ್ತಾಗುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ನನಗೆ ಬಂದದ್ದು ಒಂದೂವರೆ ತಿಂಗಳ ಸಂಬಳ. ಬಿಡುತ್ತೇನೆ ಅಂದಾಗ ಒರಿಜಿನಲ್ ಕೊಡಲಿಲ್ಲ, ಇವತ್ತು ಬಾ ನಾಳೆ ಬಾ ಅಂದರು. ಅದೇ ಹೊತ್ತಿಗೆ ಒಂದು ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೆ ಪತ್ರ ಬಂತು. ಒರಿಜಿನಲ್ ಇಲ್ಲದೆ ಹೋಗಿ ನಿಂತೆ, ಇನ್ನೊಬ್ಬರನ್ನು ಕರೆದರು. ನಮ್ಮಪ್ಪ ಹೊಸದುರ್ಗದಿಂದ ಎರಡು ಸಲ ಬಂದು ಅವರ ಮುಂದೆ ಕೈ ಮುಗಿದ ಮೇಲೆ ಮಾರ್ಕ್ಸ್‌ಕಾರ್ಡ್ ಸಿಕ್ಕಿತು. ಅವತ್ತು ನಾವಿಬ್ಬರೂ ಅದೇ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು.

ಒಂದು ಪ್ರಶ್ನೆ ಸಾಕಿತ್ತು. "ಅಣ್ಣಾ, ನೀವೂ ಇಂಟರ್‌ವ್ಯೂಗಾ?" ಅಂತ.

ಒರಿಜಿನಲ್ ನೋಡಿ, ಜೆರಾಕ್ಸ್ ಜತೆ ತಾಳೆ ಹಾಕಿ, ಆಗಲೇ ವಾಪಸ್ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಪಾಸ್‌ಪೋರ್ಟನ್ನಂತೂ ಯಾವ ಧಣಿಯೂ ಇಟ್ಟುಕೊಳ್ಳುವಂತಿಲ್ಲ, ಅದು ಭಾರತ ಸರ್ಕಾರದ ಸ್ವತ್ತು ಎಂದು 1967ರ ಕಾಯಿದೆ ಹೇಳುತ್ತದೆ.

ಇಷ್ಟನ್ನೂ ಒಂದೇ ಸಲ ಅಲ್ಲ, ವಾರವಿಡೀ ಬಿಡಿಬಿಡಿಯಾಗಿ ತಮ್ಮನಿಗೆ ಹೇಳಿದೆ. ಅವನು ಏಜೆನ್ಸಿಗೆ ಫೋನ್ ಮಾಡಿ, ಜೆರಾಕ್ಸ್ ಕೊಡ್ತೀನಿ, ಒರಿಜಿನಲ್ ತೋರಿಸಿ ವಾಪಸ್ ತಗಳ್ತೀನಿ, ಲೆಟರ್ ಕೊಡ್ತೀರಾ ಅಂದ. "ಇಷ್ಟೆಲ್ಲ ಕೇಳೋರು ನಮಗೆ ಬೇಡ, ನಿನ್ನ ಹಿಂದೆ ನಲವತ್ತು ಜನ ನಿಂತವ್ರೆ" ಎಂದು ಅವನು ಫೋನಿಟ್ಟ. ತಮ್ಮ ಸುಮ್ಮನಾಗಲಿಲ್ಲ. ರಾತ್ರಿ ಬಸ್ಸು ಹತ್ತಿ ಆ ಫ್ಯಾಕ್ಟರಿಗೇ ಹೋದ. ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಿಂತು, ಹೊರಗೆ ಬಂದ ನಮ್ಮ ಕಡೆಯ ಮೂವರು ಹುಡುಗರನ್ನು ಮಾತಾಡಿಸಿದ. ಹನ್ನೆರಡು ಗಂಟೆ, ತಿಂಗಳಿಗೆ ಎರಡು ರಜೆ, ಕೈಗೆ ಹದಿಮೂರು ಚಿಲ್ಲರೆ. ಮೂವರ ಒರಿಜಿನಲ್ಲೂ ಏಜೆನ್ಸಿಯಲ್ಲಿದೆ. ಒಬ್ಬ ಎರಡು ತಿಂಗಳಿಂದ ವಾಪಸ್ ಕೇಳುತ್ತಿದ್ದಾನೆ.

ತಮ್ಮ ವಾಪಸ್ ಬಂದ. ಚಿಕ್ಕಪ್ಪ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. "ಹದಿಮೂರಾದ್ರೂ ಬರ್ತಿತ್ತಲ್ಲೋ, ಮನೇಲಿ ಕುಂತ್ರೆ ಏನ್ ಬರುತ್ತೆ" ಎಂಬುದು ಅವರ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆಯುವವರಿಗೆ ಹದಿಮೂರು ಸಾವಿರ ಅಂದರೆ ಏನೆಂದು ನನಗೂ ಗೊತ್ತು. ಇತಿಹಾಸದುದ್ದಕ್ಕೂ ಮೇಸ್ತ್ರಿ ಬಂದದ್ದು ಮಳೆ ಹೋದ ವರ್ಷವೇ.

ಬರುವ ಸೋಮವಾರ ದಾವಣಗೆರೆಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಇಂಟರ್‌ವ್ಯೂ ಇದೆ. ಎಂಟು ಗಂಟೆ, ಹನ್ನೊಂದು ಸಾವಿರ, ಲೆಟರ್ ಕೊಡುತ್ತೇವೆ ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದಾರೆ. ತಮ್ಮ ಎರಡು ಸೆಟ್ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದಾನೆ. ಒರಿಜಿನಲ್ ಚಿಕ್ಕಮ್ಮನ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ. ಬೀಗದ ಕೈ ಅವಳ ಸೊಂಟದಲ್ಲಿದೆ, ಸೋಮವಾರ ಬೆಳಿಗ್ಗೆ ಕೊಡುತ್ತಾಳಂತೆ, ಸಂಜೆಗೆ ವಾಪಸ್ ಬರಬೇಕಂತೆ.